ಉಪ್ಪುನೀರಿನ ಟ್ಯಾಂಕಿಗೆ ಎಷ್ಟು ಮೀನು? ಕೆಟ್ಟ ಗಳಿಗೆಯ ಲೆಕ್ಕ

(ಮನೆಯಲ್ಲಿ ಸಮುದ್ರದ ಮೀನು ಸಾಕುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಉಪ್ಪುನೀರಿನ ಅಕ್ವೇರಿಯಂ ಇಡಲು ಹೊರಟವರು ಮೊದಲು ಕೇಳುವುದು, "ನನ್ನ ಟ್ಯಾಂಕಿಗೆ ಎಷ್ಟು ಮೀನು ಹಿಡಿಯುತ್ತೆ?" ಎಂದು. ಹಿಡಿಯುತ್ತೆ ಎನ್ನುವ ಆ ಮಾತಿನಲ್ಲೇ ತೊಡಕಿದೆ. ಚೀಲಕ್ಕೆ ಕಾಳು ಹಿಡಿಯುವ ಹಾಗೆ ಟ್ಯಾಂಕಿಗೆ ಮೀನು ಹಿಡಿಯುವುದಿಲ್ಲ. 200 ಲೀಟರ್ ನೀರಿಗೆ 20 ಮೀನು ಬಿಟ್ಟರೂ ಒಂದು ವಾರ, ಒಂದು ತಿಂಗಳು, ಕೆಲವೊಮ್ಮೆ ಆರು ತಿಂಗಳು ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪಂಪ್ ಓಡುತ್ತಿರುತ್ತದೆ, ಮೀನು ಚಿಕ್ಕವಿರುತ್ತವೆ, ಯಜಮಾನರು ವಾರ ವಾರ ನೀರು ಬದಲಿಸುತ್ತಿರುತ್ತಾರೆ. ಆಮೇಲೆ ಒಂದು ರಾತ್ರಿ ಕರೆಂಟ್ ಹೋಗುತ್ತದೆ. ಇಲ್ಲವೇ ಮೈಮೇಲೆ ಬಿಳಿ ಚುಕ್ಕೆಯಿರುವ ಮೀನೊಂದು ಒಳಗೆ ಬರುತ್ತದೆ. ಇಲ್ಲವೇ 4 ಸೆಂಟಿಮೀಟರ್ ಇದ್ದ ಮರಿ 20 ಸೆಂಟಿಮೀಟರ್ ಆಗಿ, ಉಳಿದವನ್ನು ಮೂಲೆಗೆ ಅಟ್ಟಿ ಕೂರಿಸುತ್ತದೆ.

ಹಾಗಾಗಿ ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಟ್ಯಾಂಕಿನ ಒಳ್ಳೆಯ ದಿನವನ್ನು ನೋಡಿ ಮೀನು ಎಣಿಸಬೇಡಿ, ಅದರ ಅತಿ ಕೆಟ್ಟ ಗಳಿಗೆಯನ್ನು ಮುಂದಿಟ್ಟುಕೊಂಡು ಎಣಿಸಿ. ಆ ಗಳಿಗೆ ಯಾವ್ಯಾವ ರೂಪದಲ್ಲಿ ಬರುತ್ತದೆ, ಪ್ರತಿಯೊಂದಕ್ಕೂ ಲೆಕ್ಕ ಹಾಕುವುದು ಹೇಗೆ ಎಂಬುದನ್ನು ನೋಡೋಣ.

ಮೊದಲು ಹಳೆಯ ಸೂತ್ರವೊಂದನ್ನು ಪಕ್ಕಕ್ಕಿಡಬೇಕು. "ಇಷ್ಟು ಲೀಟರಿಗೆ ಒಂದು ಇಂಚು ಮೀನು" ಎಂಬ ಸೂತ್ರ ಸಿಹಿನೀರಿನ ಪುಟ್ಟ ಮೀನುಗಳ ಕಾಲದಿಂದ ಬಂದದ್ದು. ಉಪ್ಪುನೀರಿಗೆ ಲೀಟರನ್ನು ನಾಲ್ಕೈದು ಪಟ್ಟು ಹೆಚ್ಚಿಸಿ ಅದನ್ನೇ ಹೇಳುತ್ತಾರೆ. ತಪ್ಪಿರುವುದು ಲೀಟರಿನಲ್ಲಲ್ಲ, ಇಂಚಿನಲ್ಲಿ. ಮೀನಿನ ಉದ್ದ ಎರಡು ಪಟ್ಟಾದರೆ ಅಗಲ, ದಪ್ಪಗಳೂ ಎರಡೆರಡು ಪಟ್ಟಾಗುತ್ತವೆ, ತೂಕ ಎಂಟು ಪಟ್ಟಾಗುತ್ತದೆ. 2.5 ಸೆಂಟಿಮೀಟರಿನ 8 ಮೀನು ಮತ್ತು 20 ಸೆಂಟಿಮೀಟರಿನ 1 ಮೀನು, ಇಂಚಿನ ಸೂತ್ರದಲ್ಲಿ ಎರಡೂ ಸಮ. ತೂಕದಲ್ಲಿ ದೊಡ್ಡದೊಂದೇ ಆ ಎಂಟರ ಒಟ್ಟು ತೂಕದ 64 ಪಟ್ಟು. ಚಿಕ್ಕ ಮೀನು ತನ್ನ ತೂಕದ ಪ್ರತಿ ಗ್ರಾಮಿಗೆ ಹೆಚ್ಚು ಉಸಿರಾಡುತ್ತದೆ ಎಂಬ ರಿಯಾಯಿತಿ ಕೊಟ್ಟು ನೋಡಿದರೂ ಆಮ್ಲಜನಕದ ಬೇಡಿಕೆ ಸುಮಾರು 18 ಪಟ್ಟಾಗುತ್ತದೆ. ಹೀಗೆ ಅಡಿಪಾಯವೇ ವಾಲಿದ ಸೂತ್ರದ ಮೇಲೆ ಯಾವ ತಿದ್ದುಪಡಿ ಕಟ್ಟಿದರೂ ನಿಲ್ಲುವುದಿಲ್ಲ.

ಇಂಚಿನ ಬದಲು ಅಂದಾಜು ತೂಕವನ್ನು ಹಿಡಿಯಿರಿ. ಮೀನು ಪೂರ್ತಿ ಬೆಳೆದಾಗಿನ ಉದ್ದವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಮೂರು ಸಲ ಗುಣಿಸಿ (ಉದ್ದ × ಉದ್ದ × ಉದ್ದ), ಬಂದದ್ದನ್ನು 0.02 ರಿಂದ ಗುಣಿಸಿದರೆ ತೂಕ ಗ್ರಾಮಿನಲ್ಲಿ ಸಿಗುತ್ತದೆ. ಫೈರ್‌ಫಿಶ್‌ನಂಥ ಕಡ್ಡಿ ದೇಹದವಕ್ಕೆ 0.01 ಸಾಕು, ಟ್ಯಾಂಗ್‌ನಂಥ ತಟ್ಟೆ ದೇಹದವಕ್ಕೆ 0.03 ಬೇಕು. 8 ಸೆಂಟಿಮೀಟರಿನ ಆಸೆಲ್ಲಾರಿಸ್ ಕ್ಲೌನ್‌ಫಿಶ್ ಸುಮಾರು 10 ಗ್ರಾಂ. 18 ಸೆಂಟಿಮೀಟರಿನ ಹಳದಿ ಟ್ಯಾಂಗ್ ಸುಮಾರು 175 ಗ್ರಾಂ. ಒಂದು ಟ್ಯಾಂಗ್ ಅಂದರೆ ಹದಿನೇಳು ಹದಿನೆಂಟು ಕ್ಲೌನ್‌ಫಿಶ್ ಎಂದಾಯಿತು.

ನೀರು ಎಷ್ಟಿದೆ?

ಟ್ಯಾಂಕಿನ ಮೇಲೆ ಬರೆದಿರುವ ಲೀಟರನ್ನು ನಂಬಬೇಡಿ. ಹೊರಗಿನಿಂದ ಅಳೆದಾಗ 120 × 45 × 50 ಸೆಂಟಿಮೀಟರ್ ಬರುವ ಟ್ಯಾಂಕನ್ನು 270 ಲೀಟರ್ ಎನ್ನುತ್ತಾರೆ. ಗಾಜು 10 ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ, ಒಳ ಅಳತೆ 118 × 43. ಅಂಚಿನವರೆಗೆ ಯಾರೂ ತುಂಬಿಸುವುದಿಲ್ಲ, ನೀರಿನ ಎತ್ತರ 45 ಸೆಂಟಿಮೀಟರ್ ಎನ್ನೋಣ. ಅಲ್ಲಿಗೆ 228 ಲೀಟರ್. ತಳದಲ್ಲಿ 4 ಸೆಂಟಿಮೀಟರ್ ಮರಳು ಹಾಸಿದರೆ ಕಾಳುಗಳು ಸುಮಾರು 12 ಲೀಟರ್ ಜಾಗ ತಿನ್ನುತ್ತವೆ. 20 ಕಿಲೋ ಬಂಡೆ ಇನ್ನು 8ರಿಂದ 10 ಲೀಟರ್. ಉಳಿದದ್ದು ಹೆಚ್ಚುಕಡಿಮೆ 207. ಲೆಕ್ಕಕ್ಕೆ 200 ಲೀಟರ್ ಎಂದು ಹಿಡಿಯೋಣ. ಹೆಸರಿಗೆ 270, ಕೆಲಸಕ್ಕೆ 200. ಮುಂದಿನ ಲೆಕ್ಕವೆಲ್ಲ ಈ ಟ್ಯಾಂಕಿನದೇ. ನಿಮ್ಮದನ್ನು ಸರಿಯಾಗಿ ತಿಳಿಯುವ ಸುಲಭ ದಾರಿಯೆಂದರೆ, ಬಂಡೆ ಮರಳು ಇಟ್ಟ ಮೇಲೆ ಮೊದಲ ಸಲ ನೀರು ತುಂಬುವಾಗ ಅಳತೆಯ ಬಕೆಟ್‌ನಲ್ಲಿ ಎಣಿಸಿ ಹಾಕಿ ಗೋಡೆಗೊಂದು ಚೀಟಿ ಅಂಟಿಸುವುದು. ಔಷಧಿ ಹಾಕಬೇಕಾಗಿ ಬಂದ ದಿನ ಆ ಚೀಟಿ ನಿಮ್ಮ ಕೈ ಹಿಡಿಯುತ್ತದೆ.

ಮೊದಲ ಕೆಟ್ಟ ಗಳಿಗೆ: ಕರೆಂಟ್ ಹೋದ ರಾತ್ರಿ

ಉಪ್ಪು ಹೆಚ್ಚಿದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, ಸಮುದ್ರದಷ್ಟು ಉಪ್ಪಿರುವ ನೀರು, ಅಂದರೆ ಸಾವಿರಕ್ಕೆ 35 ಪಾಲಿನದು, ಹಿಡಿಯುವುದು ಸುಮಾರು 6.7. ನೀರು 30 ಡಿಗ್ರಿಗೆ ಬಿಸಿಯಾದರೆ ಅದೂ 6.2ಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಮೀನಿನ ಬೇಡಿಕೆ ಏರುತ್ತದೆ. ಸಿಹಿನೀರಿನ ಅನುಭವ ಇಟ್ಟುಕೊಂಡು ಬಂದವರು ಇಲ್ಲಿ ಎಡವುವುದಕ್ಕೆ ಇದೊಂದು ಕಾರಣ.

ಹಗಲು ಪಾಚಿ, ಹವಳಗಳು ಬೆಳಕಿನಲ್ಲಿ ಆಮ್ಲಜನಕ ಕೊಡುತ್ತವೆ. ರಾತ್ರಿ ಅವೂ ಮೀನಿನ ಹಾಗೆಯೇ ಉಸಿರಾಡುತ್ತವೆ. ಹಾಗಾಗಿ ಟ್ಯಾಂಕಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವ, ದೀಪ ಹೊತ್ತುವುದಕ್ಕೆ ಸ್ವಲ್ಪ ಮೊದಲು. ಆ ಹೊತ್ತಿಗೆ ಎದ್ದು ಟಾರ್ಚ್ ಹಿಡಿದು ನೋಡಿ. ಮೀನು ಮೇಲಿನ ಪದರದಲ್ಲಿ, ಪಂಪ್ ನೀರು ಬೀಳುವ ಕಡೆ ಗುಂಪುಗೂಡಿ ಕಿವಿರನ್ನು ಜೋರಾಗಿ ಆಡಿಸುತ್ತಿದ್ದರೆ, ಪಂಪ್ ಓಡುತ್ತಿದ್ದಾಗಲೇ ನಿಮ್ಮ ಟ್ಯಾಂಕು ಅಂಚಿನಲ್ಲಿದೆ.

ಈಗ ಲೆಕ್ಕ. ರಾತ್ರಿ ನಡುವೆ ಕರೆಂಟ್ ಹೋದಾಗ ನೀರಿನಲ್ಲಿ ಲೀಟರಿಗೆ 5.5 ಮಿಲಿಗ್ರಾಂ ಆಮ್ಲಜನಕ ಇದೆ ಎಂದುಕೊಳ್ಳಿ. 3ಕ್ಕೆ ಇಳಿದರೆ ಬಹಳಷ್ಟು ಮೀನಿಗೆ ಕಷ್ಟ ಶುರು. ನಡುವೆ ಸಿಗುವುದು ಲೀಟರಿಗೆ 2.5, ಅಂದರೆ 200 ಲೀಟರಿಗೆ 500 ಮಿಲಿಗ್ರಾಂ. ನಿಮ್ಮ ಉಳಿತಾಯ ಇಷ್ಟೇ. ಬಂಡೆ ಮರಳಿನ ಬ್ಯಾಕ್ಟೀರಿಯಾ, ಹುಳು, ಶಂಖ, ಹವಳ ಇವೆಲ್ಲ ಸೇರಿ ಗಂಟೆಗೆ 50 ಮಿಲಿಗ್ರಾಂ ಖರ್ಚು ಮಾಡುತ್ತವೆ ಎಂದು ಹಿಡಿಯೋಣ. ಒಟ್ಟು 50 ಗ್ರಾಂ ತೂಗುವ ಆರು ಚಿಕ್ಕ ಮೀನಿದ್ದರೆ ಅವುಗಳ ಪಾಲು ಸುಮಾರು 20. ಅಲ್ಲಿಗೆ ಗಂಟೆಗೆ 70, ಉಳಿತಾಯ ಏಳು ಗಂಟೆ ಬರುತ್ತದೆ. ರಾತ್ರಿ ಕಳೆಯಬಹುದು. ಇವುಗಳ ಜೊತೆಗೆ ಆ 175 ಗ್ರಾಮಿನ ಒಂದು ಟ್ಯಾಂಗ್ ಸೇರಿಸಿ. ಅದಕ್ಕೊಂದಕ್ಕೇ ಗಂಟೆಗೆ 45 ಮಿಲಿಗ್ರಾಂ ಬೇಕು. ಒಟ್ಟು 115, ಉಳಿತಾಯ ನಾಲ್ಕೂಕಾಲು ಗಂಟೆಗೆ ಇಳಿಯಿತು. ಅಂಥದ್ದೇ ಇನ್ನೆರಡು ಸೇರಿಸಿದರೆ ಎರಡೂವರೆ ಗಂಟೆಯೂ ಇಲ್ಲ. ನಿಂತ ನೀರಿನ ಮೇಲ್ಮೈಯಿಂದಲೂ ಒಂದಷ್ಟು ಗಾಳಿ ಇಳಿಯುತ್ತದೆ, ನಿಜ. ಆದರೆ ರಾತ್ರಿ ತಡವಾಗಿ ಆಹಾರ ಹಾಕಿದ್ದರೆ ಮೀನಿನ ಉಸಿರಾಟವೂ ಹೆಚ್ಚಿರುತ್ತದೆ. ಒಂದಕ್ಕೊಂದು ವಜಾ ಎಂದುಕೊಂಡು ಈ ಅಂದಾಜನ್ನೇ ಇಟ್ಟುಕೊಳ್ಳಿ.

ನಿಮ್ಮ ಮನೆಯಲ್ಲಿ ಯಾರೂ ಎಚ್ಚರವಿಲ್ಲದ, ಕರೆಂಟ್ ಇಲ್ಲದ ಅತಿ ಉದ್ದದ ಅವಧಿ ಎಷ್ಟಿರಬಹುದು? ಆರು ಗಂಟೆ ಎಂದಾದರೆ ಉಳಿತಾಯ ಆರು ಗಂಟೆ ಬರಬೇಕು. ಕರೆಂಟ್ ಹೋದ ಕೂಡಲೇ ತಾನಾಗಿ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದನ್ನು ಏರ್ ಸ್ಟೋನ್ ಸಮೇತ ಸಿಕ್ಕಿಸಿಡಿ. ಅದು ಬಹಳ ದೊಡ್ಡ ರಕ್ಷೆ. ಆದರೆ ಅದನ್ನು ನಂಬಿ ಮೀನು ಹೆಚ್ಚಿಸಬೇಡಿ. ಬ್ಯಾಟರಿ ಸತ್ತಿರುವುದು ಗೊತ್ತಾಗುವುದು ಬೇಕಾದ ರಾತ್ರಿಯೇ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಪರೀಕ್ಷಿಸಿ.

ತ್ಯಾಜ್ಯದ ಲೆಕ್ಕ: ಮೀನು ಎಣಿಸಬೇಡಿ, ಆಹಾರ ತೂಗಿ

ಮೀನಿನ ತ್ಯಾಜ್ಯದಿಂದ, ಉಳಿದ ಆಹಾರದಿಂದ ಬರುವ ಅಮೋನಿಯಾ ವಿಷಯದಲ್ಲಿ ಉಪ್ಪುನೀರು ಕ್ಷಮಿಸುವುದಿಲ್ಲ. ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದ ನೂರಕ್ಕೆ ಅರ್ಧ ಪಾಲು ಮಾತ್ರ ವಿಷದ ರೂಪದಲ್ಲಿರುತ್ತದೆ. ಸಮುದ್ರದ ನೀರಿನ ಪಿಎಚ್ 8.2ರಲ್ಲಿ ಅದು ನೂರಕ್ಕೆ ಆರೇಳು ಪಾಲು. ಅಂದರೆ ಟೆಸ್ಟ್ ಕಿಟ್ ಅದೇ ಬಣ್ಣ ತೋರಿಸಿದರೂ ಇಲ್ಲಿ ವಿಷ ಹತ್ತು ಪಟ್ಟಿಗಿಂತ ಹೆಚ್ಚು. ಬ್ಯಾಕ್ಟೀರಿಯಾ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಮಾತ್ರ ಇಲ್ಲಿ ಅಷ್ಟು ಕಾಡುವುದಿಲ್ಲ, ಉಪ್ಪಿನ ಕ್ಲೋರೈಡ್ ಅದನ್ನು ಕಿವಿರಿನ ಬಾಗಿಲಲ್ಲೇ ತಡೆಯುತ್ತದೆ.

ಟ್ಯಾಂಕು ಸೈಕಲ್ ಆಗಿದೆಯೇ, ಅಂದರೆ ಈ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆದಿವೆಯೇ ಎಂದು ನೋಡಲು ಮೀನು ಬಿಡುವ ಮೊದಲು ಅಮೋನಿಯಾವನ್ನು ಲೀಟರಿಗೆ 2 ಮಿಲಿಗ್ರಾಂ ಬರುವಷ್ಟು ಹಾಕಿ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಬೇಕು. ಬಂಡೆ ಹೊಸದಾಗಿದ್ದರೆ ಇದಕ್ಕೆ ನಾಲ್ಕರಿಂದ ಆರು ವಾರ ಬೇಕಾಗುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಒಂದು ಸಂಗತಿ ಗಮನಿಸಿ: ಈ ಪರೀಕ್ಷೆ ಪಾಸಾದ 200 ಲೀಟರಿನ ಟ್ಯಾಂಕು ದಿನಕ್ಕೆ ಸುಮಾರು 5 ಗ್ರಾಂ ಒಣ ಆಹಾರದಿಂದ ಬರುವಷ್ಟು ಸಾರಜನಕವನ್ನು ಅರಗಿಸಬಲ್ಲದು. ಆರು ಚಿಕ್ಕ ಮೀನಿಗೆ ದಿನಕ್ಕೆ 1 ಗ್ರಾಮೇ ಹೆಚ್ಚು. ಹಾಗಾಗಿ ಮಾಗಿದ ಟ್ಯಾಂಕಿನಲ್ಲಿ ಮೀನಿನ ಸಂಖ್ಯೆಗೆ ಮಿತಿ ಹಾಕುವುದು ಬ್ಯಾಕ್ಟೀರಿಯಾ ಅಲ್ಲ. "ಇನ್ನೊಂದು ಫಿಲ್ಟರ್ ಹಾಕಿದ್ದೇನೆ, ಇನ್ನು ನಾಲ್ಕು ಮೀನು ಬಿಡಬಹುದು" ಎನ್ನುವ ವಾದ ಇಲ್ಲೇ ಬಿದ್ದುಹೋಗುತ್ತದೆ. ಫಿಲ್ಟರ್ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ, ಆಚೆಗೆ ಕಳಿಸುವುದಿಲ್ಲ.

ಆ ನೈಟ್ರೇಟನ್ನು ಲೆಕ್ಕ ಹಾಕೋಣ. ಒಣ ಆಹಾರದಲ್ಲಿ ಅರ್ಧದಷ್ಟು ಪ್ರೋಟೀನ್, ಪ್ರೋಟೀನಿನಲ್ಲಿ ನೂರಕ್ಕೆ 16 ಪಾಲು ಸಾರಜನಕ. 1 ಗ್ರಾಂ ಆಹಾರಕ್ಕೆ 80 ಮಿಲಿಗ್ರಾಂ ಸಾರಜನಕ. ಅದಷ್ಟೂ ನೈಟ್ರೇಟ್ ಆದರೆ ಸುಮಾರು 350 ಮಿಲಿಗ್ರಾಂ. 200 ಲೀಟರಿನಲ್ಲಿ ಹರಡಿದರೆ ದಿನಕ್ಕೆ ಲೀಟರಿಗೆ 1.75, ವಾರಕ್ಕೆ 12. ಸ್ಕಿಮ್ಮರ್ (ನೊರೆಯ ಜೊತೆ ಕೊಳೆ ತೆಗೆಯುವ ಯಂತ್ರ), ಪಾಚಿ, ಬಂಡೆಯ ಒಳಪದರ, ಮೀನಿನ ಬೆಳವಣಿಗೆ ಎಲ್ಲ ಸೇರಿ ಅರ್ಧ ಹೊತ್ತುಕೊಂಡು ಹೋದರೂ ವಾರಕ್ಕೆ 6 ಉಳಿಯುತ್ತದೆ.

ವಾರಕ್ಕೊಮ್ಮೆ ನೂರಕ್ಕೆ 10 ಪಾಲು ನೀರು ಬದಲಿಸುತ್ತೀರಿ ಎನ್ನಿ. ನೈಟ್ರೇಟ್ ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಎಲ್ಲಿ? ಏರಿಕೆಯನ್ನು ಬದಲಿಸುವ ಪಾಲಿನಿಂದ ಭಾಗಿಸಿ: 6 ÷ 0.10 = 60. ನೂರಕ್ಕೆ 20 ಪಾಲು ಬದಲಿಸಿದರೆ 6 ÷ 0.20 = 30. ಹವಳವಿಲ್ಲದ, ಬರೀ ಮೀನಿನ ಟ್ಯಾಂಕಿಗೆ 40ರೊಳಗಿದ್ದರೆ ನನಗೆ ಒಪ್ಪಿಗೆ. ಹವಳವಿದ್ದರೆ 10ರ ಆಸುಪಾಸು ಇಟ್ಟುಕೊಳ್ಳುವುದು ಕ್ಷೇಮ, ಪೂರ್ತಿ ಸೊನ್ನೆಯೂ ಹವಳಕ್ಕೆ ಒಳ್ಳೆಯದಲ್ಲ. ಈ ಭಾಗಾಕಾರ ನನ್ನ ಮಟ್ಟಿಗೆ ಇಡೀ ವಿಷಯದಲ್ಲೇ ಅತಿ ಉಪಯೋಗದ ಸಾಧನ, ಏಕೆಂದರೆ ನಿಮ್ಮ ಟ್ಯಾಂಕಿನ ನಿಜವಾದ ಅಂಕಿಯನ್ನೇ ಇದಕ್ಕೆ ಹಾಕಬಹುದು. ನೀರು ಬದಲಿಸಿದ ಮಾರನೆಯ ದಿನ ನೈಟ್ರೇಟ್ ಅಳೆಯಿರಿ. ಮುಂದಿನ ಸಲ ಬದಲಿಸುವ ಮುನ್ನ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಏರಿಕೆ. ಎರಡು ವಾರದಲ್ಲಿ 8 ಏರಿದೆ, ಎರಡು ವಾರಕ್ಕೊಮ್ಮೆ ನೂರಕ್ಕೆ 20 ಬದಲಿಸುತ್ತೀರಿ ಎಂದರೆ, ಇವತ್ತು ಕಿಟ್ 15 ತೋರಿಸುತ್ತಿದ್ದರೂ ನೀವು ಹೊರಟಿರುವುದು 40ಕ್ಕೆ. ಹೊಸ ಮೀನು ತರುವ ಮುಂಚೆ ಈ ಲೆಕ್ಕ ಮಾಡಿ, ತಂದು ಒಂದು ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿ. ಹೊಸದಾಗಿ ಸೇರಿಸುವ ಉಪ್ಪುನೀರಿನಲ್ಲೇ ನೈಟ್ರೇಟ್ ಇದೆಯೇ ಎಂಬುದನ್ನೂ ಒಂದು ಸಲ ನೋಡಿಕೊಳ್ಳಿ.

ಇಲ್ಲಿ ಕೆಟ್ಟ ಗಳಿಗೆ ಯಾವುದು? ನೀವು ಎರಡು ತಿಂಗಳು ನೀರು ಬದಲಿಸಲಾಗದ ಸ್ಥಿತಿ. ಹುಷಾರಿಲ್ಲ, ಕೆಲಸದ ಒತ್ತಡ, ಮನೆಯಲ್ಲಿ ಪುಟ್ಟ ಮಗು. ವಾರಕ್ಕೆ 6ರಂತೆ ಎಂಟು ವಾರಕ್ಕೆ 48 ಏರುತ್ತದೆ. ಅದನ್ನು ತಾಳಿಕೊಳ್ಳುವಷ್ಟು ಕೆಳಗೆ ನಿಮ್ಮ ಇವತ್ತಿನ ಅಂಕಿ ಇರಬೇಕು.

ಜಾಗ ಮತ್ತು ಜಗಳ

ಇಷ್ಟು ರಸಾಯನಶಾಸ್ತ್ರ ಹೇಳಿದ ಮೇಲೂ ನಾನು ಒತ್ತಿ ಹೇಳಬೇಕಾದದ್ದು, ಬಹುಪಾಲು ಟ್ಯಾಂಕುಗಳಲ್ಲಿ ನೀರು ಕೆಡುವುದಕ್ಕಿಂತ ಮೊದಲು ಮೀನು ಮೀನಿನ ನಡುವೆ ಕೆಡುತ್ತದೆ. ಬಂಡೆಸಾಲಿನ ಮೀನುಗಳಲ್ಲಿ ಬಹಳಷ್ಟು ತಮ್ಮದೇ ಬಿಲ, ತಮ್ಮದೇ ಎಲ್ಲೆ ಹಾಕಿಕೊಂಡು ಬದುಕುವಂಥವು. ಸಮುದ್ರದಲ್ಲಿ ಸೋತ ಮೀನು ಓಡಿಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯಿತು. ಗಾಜಿನೊಳಗೆ ಸೋತದ್ದಕ್ಕೆ ಓಡಲು 118 ಸೆಂಟಿಮೀಟರ್ ಮಾತ್ರ. ಅದು ಮೇಲಿನ ಮೂಲೆಯಲ್ಲಿ ನಿಲ್ಲುತ್ತದೆ, ತಿನ್ನುವುದನ್ನು ಬಿಡುತ್ತದೆ, ಎರಡು ವಾರದಲ್ಲಿ ಸಾಯುತ್ತದೆ. ಟೆಸ್ಟ್ ಕಿಟ್ ಎಲ್ಲ ಸರಿ ಎನ್ನುತ್ತಿರುತ್ತದೆ.

ಒಂದೇ ಆಕಾರ, ಒಂದೇ ಬಣ್ಣ, ಒಂದೇ ಊಟ: ಈ ಮೂರರಲ್ಲಿ ಎರಡು ಹೊಂದಿದರೂ ಜಗಳಕ್ಕೆ ಕಾರಣ ಸಿಕ್ಕಂತೆ. ಕ್ಲೌನ್‌ಫಿಶ್ ಒಂದು ಟ್ಯಾಂಕಿಗೆ ಒಂದೇ ಜೋಡಿ. ಎಲ್ಲವೂ ಮೊದಲು ಗಂಡಾಗಿ ಬೆಳೆದು, ಗುಂಪಿನಲ್ಲಿ ಮೇಲುಗೈ ಸಾಧಿಸಿದ್ದು ಹೆಣ್ಣಾಗುತ್ತದೆ. ಎರಡು ಮರಿ ತಂದರೆ ತಾವೇ ಜೋಡಿಯಾಗುತ್ತವೆ, ಮೂರನೆಯದನ್ನು ತಂದರೆ ಅದನ್ನು ಅಟ್ಟಾಡಿಸುತ್ತವೆ. ಹಸಿರು ಕ್ರೋಮಿಸ್ ಗುಂಪಾಗಿ ಈಜುವುದು ಚೆಂದ ಎಂದು ಆರು ತರುತ್ತಾರೆ. ಚಿಕ್ಕ ಟ್ಯಾಂಕಿನಲ್ಲಿ ಅವು ಒಂದೊಂದಾಗಿ ಕಮ್ಮಿಯಾಗುತ್ತಾ ಕೊನೆಗೆ ಒಂದೋ ಎರಡೋ ಉಳಿಯುವುದು ಸಾಮಾನ್ಯ. ಆರು ಸಾಲಿನ ರಾಸ್, ಅಂದರೆ ಸಿಕ್ಸ್‌ಲೈನ್ ರಾಸ್, ಬೆರಳುದ್ದದ ಮೀನು. ಆದರೆ ಅದಿರುವ ಟ್ಯಾಂಕಿಗೆ ಆಮೇಲೆ ಬಂದ ಸಾಧು ಮೀನಿಗೆ ನೆಮ್ಮದಿ ಇರುವುದಿಲ್ಲ. ಡಾಮ್ಸೆಲ್ ಜಾತಿಯ ಡಾಮಿನೋ ಮರಿಯಲ್ಲಿ ಕಪ್ಪು ಮೈಮೇಲೆ ಬಿಳಿ ಬೊಟ್ಟಿಟ್ಟಂತೆ ಮುದ್ದಾಗಿರುತ್ತದೆ, ಬೆಳೆದ ಮೇಲೆ ಟ್ಯಾಂಕಿನ ದಾದಾ. ಮ್ಯಾಂಡರಿನ್ ಯಾರ ತಂಟೆಗೂ ಹೋಗುವುದಿಲ್ಲ, ಆದರೆ ಅದು ಬದುಕುವುದು ಬಂಡೆಯ ಮೇಲಿನ ಕೋಪಿಪಾಡ್ ಎಂಬ ಸೂಕ್ಷ್ಮಜೀವಿಗಳನ್ನು ದಿನವಿಡೀ ಹೆಕ್ಕಿ. ವರ್ಷ ತುಂಬದ, ಬಂಡೆ ಕಡಿಮೆ ಇರುವ ಟ್ಯಾಂಕಿನಲ್ಲಿ ಅದಕ್ಕೆ ಉಪವಾಸವೇ ಗತಿ. ಅಲ್ಲಿ ಅದರ ಸಂಖ್ಯೆ ಸೊನ್ನೆ.

ಬಿಲಗಳನ್ನು ಎಣಿಸಿ. ದೀಪ ಆರಿ ಒಂದು ಗಂಟೆಯಾದ ಮೇಲೆ ಮಂದ ಟಾರ್ಚಿನಲ್ಲಿ ನೋಡಿದರೆ ಯಾವ ಮೀನು ಎಲ್ಲಿ ಮಲಗುತ್ತದೆಂದು ತಿಳಿಯುತ್ತದೆ. ಪ್ರತಿ ಮೀನಿಗೂ ಒಂದು ಬಿಲ, ಮೇಲೆ ಎರಡು ಮೂರು ಖಾಲಿ ಇರಬೇಕು. ಯಾವುದಾದರೂ ಮೀನು ಬಯಲಲ್ಲಿ, ಗಾಜಿಗೆ ಒತ್ತಿಕೊಂಡು ರಾತ್ರಿ ಕಳೆಯುತ್ತಿದ್ದರೆ ಟ್ಯಾಂಕು ತುಂಬಿದೆ ಎಂದೇ ಅರ್ಥ. ಬಂಡೆಯನ್ನು ಗೋಡೆಯ ಹಾಗೆ ಒಂದೇ ರಾಶಿ ಮಾಡುವ ಬದಲು ಎರಡು ದಿಬ್ಬ ಮಾಡಿ, ಒಂದರಿಂದ ಇನ್ನೊಂದು ಕಾಣದ ಹಾಗೆ. ಕಣ್ಣಿಗೆ ಬೀಳದ್ದನ್ನು ಮೀನು ಅಟ್ಟುವುದಿಲ್ಲ.

ಈಜಾಡುವ ಮೀನಿಗೆ ನನ್ನ ಅಳತೆಗೋಲು ಹೀಗಿದೆ: ಟ್ಯಾಂಕಿನ ಉದ್ದ ಬೆಳೆದ ಮೀನಿನ ಉದ್ದದ 9 ಪಟ್ಟಾದರೂ ಇರಬೇಕು, ಅಗಲ 2 ಪಟ್ಟು. 20 ಸೆಂಟಿಮೀಟರಿನವರೆಗೂ ಬೆಳೆಯಬಲ್ಲ ಹಳದಿ ಟ್ಯಾಂಗಿಗೆ 180 ಸೆಂಟಿಮೀಟರ್ ಟ್ಯಾಂಕು. 30 ಸೆಂಟಿಮೀಟರ್ ತಲುಪುವ ನೀಲಿ ಟ್ಯಾಂಗಿಗೆ 270. ಕಟುವಾಗಿ ಕಾಣಬಹುದು, 120ರಲ್ಲೇ ಸಾಕುವವರು ಬಹಳ ಮಂದಿ ಇದ್ದಾರೆ. ಆದರೆ ಗಾಜಿನ ಉದ್ದಕ್ಕೆ ದಿನವಿಡೀ ಹೋಗಿ ಬಂದು ಹೋಗಿ ಬಂದು ಮಾಡುವ ಮೀನನ್ನು ನೋಡಿದವರು ಈ ಅಳತೆಯನ್ನು ಬೇಡವೆನ್ನಲಾರರು. ನೀಲಿ ಟ್ಯಾಂಗ್ ಮಾರಾಟಕ್ಕೆ ಬರುವುದು 4, 5 ಸೆಂಟಿಮೀಟರ್ ಇರುವಾಗ. ಎಮ್ಪರರ್ ಏಂಜೆಲ್ 40 ಸೆಂಟಿಮೀಟರ್, ಲಯನ್‌ಫಿಶ್ 38, ಬಿಳಿ ಮೈಯ ಕಪ್ಪು ಚುಕ್ಕೆಯ ಪ್ಯಾಂಥರ್ ಗ್ರೂಪರ್ 70ರವರೆಗೆ ಬೆಳೆಯುತ್ತವೆ. ಟ್ಯಾಂಕಿಗೆ ತಕ್ಕಂತೆ ಮೀನು ಚಿಕ್ಕದಾಗಿ ಉಳಿಯುತ್ತದೆ ಎಂಬ ನಂಬಿಕೆ ಇದೆ. ಚಿಕ್ಕದಾಗಿ ಉಳಿದದ್ದು ಬೆಳೆಯಲಾಗದೆ ಉಳಿದದ್ದು, ಅದರ ಆಯುಸ್ಸೂ ಹಾಗೆಯೇ ಕುಗ್ಗುತ್ತದೆ. "ಮುಂದೆ ದೊಡ್ಡ ಟ್ಯಾಂಕು ತರುತ್ತೇವೆ" ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇವತ್ತು ಮನೆಯಲ್ಲಿರುವ ಗಾಜಿಗೆ, ಮೀನು ಪೂರ್ತಿ ಬೆಳೆದ ದಿನದ ಉದ್ದಕ್ಕೆ ಲೆಕ್ಕ ಹಾಕಿ.

ರೋಗ ಬಂದ ದಿನ

ಮರೆತೇ ಹೋಗುವ ಮಿತಿ ಇದು. ಬಿಳಿ ಚುಕ್ಕೆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್ ಎಂಬ ಪರಜೀವಿ ಮೀನಿನ ಚರ್ಮದಲ್ಲಿ ಕೆಲವು ದಿನ ಇದ್ದು, ಉದುರಿ, ಮರಳು ಬಂಡೆಗೆ ಅಂಟಿಕೊಂಡು ಕೋಶ ಕಟ್ಟುತ್ತದೆ. ಒಂದೊಂದು ಕೋಶದಿಂದ ನೂರು, ಇನ್ನೂರು ಮರಿಗಳು ಈಜಿ ಹೊರಬೀಳುತ್ತವೆ. ಅವಕ್ಕೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಸಿಗದಿದ್ದರೆ ಸಾಯುತ್ತವೆ. ಸಮುದ್ರದಲ್ಲಿ ಹೆಚ್ಚಿನವಕ್ಕೆ ಸಿಗುವುದಿಲ್ಲ. ಒತ್ತೊತ್ತಾಗಿ ಮೀನಿರುವ ಟ್ಯಾಂಕಿನಲ್ಲಿ ಎತ್ತ ಈಜಿದರೂ ಮೀನೇ. ಆರು ಮೀನಿನ ಟ್ಯಾಂಕಿನಲ್ಲಿ ಮೂರು ವಾರ ತೆಗೆದುಕೊಳ್ಳುವ ಅನಾಹುತ ಹದಿನೈದು ಮೀನಿನ ಟ್ಯಾಂಕಿನಲ್ಲಿ ಬಹಳ ಬೇಗ ಮುಗಿದುಹೋಗಬಹುದು.

ಇದರಿಂದ ಬಿಡಿಸಿಕೊಳ್ಳುವ ಖಚಿತ ದಾರಿಯೆಂದರೆ ಎಲ್ಲ ಮೀನನ್ನೂ ಹಿಡಿದು ಬೇರೆ ಟ್ಯಾಂಕಿನಲ್ಲಿಟ್ಟು ಚಿಕಿತ್ಸೆ ಕೊಡುವುದು, ದೊಡ್ಡ ಟ್ಯಾಂಕನ್ನು ಮೀನಿಲ್ಲದೆ 76 ದಿನ ಬಿಡುವುದು. ಅಂದರೆ ನಿಮ್ಮ ಅಷ್ಟೂ ಮೀನು ಎರಡೂವರೆ ತಿಂಗಳು ಇನ್ನೊಂದು ಟ್ಯಾಂಕಿನಲ್ಲಿ ಬದುಕಬೇಕು. ಆ ಟ್ಯಾಂಕು ಎಷ್ಟು ದೊಡ್ಡದು? ಬರಿಯ ಗಾಜಿನ ತಳ, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡುಗಳಿರುವ 60 ಲೀಟರಿನ ಟ್ಯಾಂಕಿನಲ್ಲಿ ಐದಾರು ಚಿಕ್ಕ ಮೀನನ್ನು ದಿನಾ ಅಮೋನಿಯಾ ನೋಡುತ್ತಾ, ದಿನ ಬಿಟ್ಟು ದಿನ ನೀರು ಬದಲಿಸುತ್ತಾ ಉಳಿಸಿಕೊಳ್ಳಬಹುದು. ಹದಿನೈದನ್ನು ಉಳಿಸಿಕೊಳ್ಳಲಾಗದು. ನಿಮ್ಮ ಚಿಕಿತ್ಸೆಯ ಟ್ಯಾಂಕಿಗೆ ಆಗದಷ್ಟು ಮೀನು ದೊಡ್ಡ ಟ್ಯಾಂಕಿನಲ್ಲಿದ್ದರೆ, ಅಷ್ಟು ಮೀನಿಗೆ ನಿಮ್ಮಲ್ಲಿ ಚಿಕಿತ್ಸೆ ಇಲ್ಲ.

ಹಾಗಾದರೆ ಎಷ್ಟು?

ನಮ್ಮ 200 ಲೀಟರ್ ಟ್ಯಾಂಕಿಗೆ ನಾನು ಕೊಡುವ ಉತ್ತರ: ಆರು. ಆಸೆಲ್ಲಾರಿಸ್ ಕ್ಲೌನ್‌ಫಿಶ್ ಜೋಡಿ, ಒಂದು ರಾಯಲ್ ಗ್ರಾಮಾ, ಒಂದು ಫೈರ್‌ಫಿಶ್, ಪಿಸ್ತೂಲ್ ಸೀಗಡಿಯ ಜೊತೆ ಒಂದು ಹಳದಿ ವಾಚ್‌ಮನ್ ಗೋಬಿ, ಒಂದು ಬಂಗ್ಗಾಯ್ ಕಾರ್ಡಿನಲ್. ಒಟ್ಟು ತೂಕ 50 ಗ್ರಾಮಿನ ಆಸುಪಾಸು. ಗೋಬಿ ಮರಳಿನಲ್ಲಿ, ಗ್ರಾಮಾ ಬಂಡೆಯ ಗುಹೆಯಲ್ಲಿ, ಫೈರ್‌ಫಿಶ್ ಬಂಡೆಯ ಮುಂದಿನ ಬಯಲಲ್ಲಿ, ಕಾರ್ಡಿನಲ್ ನೆರಳಿನಲ್ಲಿ, ಕ್ಲೌನ್ ಜೋಡಿ ಮೇಲಿನ ಒಂದು ಮೂಲೆಯಲ್ಲಿ. ಒಂದರ ಮನೆ ಇನ್ನೊಂದಕ್ಕೆ ಬೇಡ. ಬಂಗ್ಗಾಯ್ ಕಾರ್ಡಿನಲ್ ಸಹಜವಾಗಿ ಸಿಗುವುದು ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಸುತ್ತಮುತ್ತ ಮಾತ್ರ, 2007ರಿಂದ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಸಾಕಣೆಯಲ್ಲಿ ಹುಟ್ಟಿದ್ದೇ ಸಿಗುತ್ತದೆ, ಅದನ್ನೇ ಕೇಳಿ ತನ್ನಿ. ಕ್ಲೌನ್‌ಫಿಶ್‌ಗೂ ಇದೇ ಮಾತು.

60 ಲೀಟರಿನ ಪುಟ್ಟ ಟ್ಯಾಂಕಿದ್ದರೆ ಎರಡು ಅಥವಾ ಮೂರು. ಅದರಲ್ಲಿ ದಿನಕ್ಕೆ 1 ಲೀಟರ್ ನೀರು ಆವಿಯಾದರೇ ಉಪ್ಪು 35ರಿಂದ 35.6ಕ್ಕೆ ಏರುತ್ತದೆ. ಸಣ್ಣ ಟ್ಯಾಂಕಿನ ತಾಳ್ಮೆ ಸಣ್ಣದು.

ಬಿಡುವ ಕ್ರಮವೂ ಸಂಖ್ಯೆಯಷ್ಟೇ ಮುಖ್ಯ. ಅಂಜುಬುರುಕರು ಮೊದಲು, ಗಟ್ಟಿಗರು ಕೊನೆಗೆ. ಗೋಬಿ, ಫೈರ್‌ಫಿಶ್ ಮೊದಲು. ನಾಲ್ಕು ವಾರ ಬಿಟ್ಟು ಕಾರ್ಡಿನಲ್, ಆಮೇಲೆ ಗ್ರಾಮಾ, ಕೊನೆಗೆ ಕ್ಲೌನ್ ಜೋಡಿ. ಪ್ರತಿಯೊಂದಕ್ಕೂ ಮೊದಲು ನಾಲ್ಕು ವಾರ ಕ್ವಾರಂಟೈನ್. ಹೀಗೆ ಹೋದರೆ ಆರು ಮೀನಿಗೆ ನಾಲ್ಕು ತಿಂಗಳು ಹಿಡಿಯುತ್ತದೆ. ಹಿಡಿಯಲಿ. ಪ್ರತಿ ಸಲ ಹೊಸದು ಬಂದ ಮೇಲೆ ನಾಲ್ಕೈದು ದಿನ ಅಮೋನಿಯಾ ಅಳೆಯಿರಿ. ಬ್ಯಾಕ್ಟೀರಿಯಾ ಹೊಸ ಹೊರೆಗೆ ಹೊಂದಿಕೊಳ್ಳಲು ದಿನಗಳು ಬೇಕು. ಫೈರ್‌ಫಿಶ್ ಹಾರುತ್ತದೆ, ಮೇಲೆ ಸಣ್ಣ ಕಣ್ಣಿನ ಬಲೆಯ ಮುಚ್ಚಳ ಹಾಕದಿದ್ದರೆ ನೆಲದ ಮೇಲೆ ಸಿಗುತ್ತದೆ.

ಸಭೆಯ ಪ್ರಶ್ನೆಗಳು

ಕೆಳಗೆ 100 ಲೀಟರಿನ ಸಂಪ್ (ಟ್ಯಾಂಕಿಗೆ ಪೈಪಿನಿಂದ ಜೋಡಿಸಿದ ಫಿಲ್ಟರ್ ತೊಟ್ಟಿ) ಇದೆ, ಅದನ್ನು ಸೇರಿಸಿ ಲೆಕ್ಕ ಹಾಕಬಹುದೇ?

ನೈಟ್ರೇಟ್ ಲೆಕ್ಕಕ್ಕೆ ಸೇರಿಸಿ, ಜಾಗದ ಲೆಕ್ಕಕ್ಕೆ ಬೇಡ. ಸಂಪಿನಲ್ಲಿ ಮೀನು ಈಜುವುದಿಲ್ಲ, ಮಲಗುವುದಿಲ್ಲ. ಕರೆಂಟ್ ಹೋದರೆ ಮೇಲಿನ ನೀರಿಗೂ ಕೆಳಗಿನ ನೀರಿಗೂ ಸಂಪರ್ಕ ಕಡಿಯುವುದರಿಂದ ಆ ರಾತ್ರಿಯ ಆಮ್ಲಜನಕದ ಲೆಕ್ಕಕ್ಕೂ ಅದು ಬರುವುದಿಲ್ಲ.

ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳಲ್ಲಿ ಮೀನು ಒತ್ತಾಗಿಯೇ ಇರುತ್ತವಲ್ಲ?

ಅಲ್ಲಿ ಜನರೇಟರ್ ಇದೆ, ರಾತ್ರಿ ಪಾಳಿಯವರಿದ್ದಾರೆ, ಪಶುವೈದ್ಯರಿದ್ದಾರೆ, ನೀರು ಶುದ್ಧಿಗೆ ಓಜೋನ್ ಇದೆ. ಅವರ ಕೆಟ್ಟ ಗಳಿಗೆ ನಮ್ಮದಕ್ಕಿಂತ ಎಷ್ಟೋ ಹಗುರ.

ಈಗಾಗಲೇ ಮೀನು ಹೆಚ್ಚಾಗಿವೆ. ಏನು ಮಾಡಲಿ?

ಸಂಖ್ಯೆ ನೋಡಬೇಡಿ, ಪಟ್ಟಿ ಬರೆದು ಪ್ರತಿಯೊಂದರ ಮುಂದೆ ಬೆಳೆದ ಉದ್ದದ ಅಂದಾಜು ತೂಕ ಹಾಕಿ. ಬಹುಪಾಲು ಪಟ್ಟಿಗಳಲ್ಲಿ ಒಂದೆರಡು ಮೀನೇ ಮುಕ್ಕಾಲು ತೂಕ ಹೊತ್ತಿರುತ್ತವೆ. ಅವಕ್ಕೆ ತಕ್ಕ ಟ್ಯಾಂಕಿರುವ ಮನೆ ಹುಡುಕಿ ಕೊಡಿ. ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದೂ ಉಂಟು. ಸಮುದ್ರಕ್ಕೆ, ನದಿಮುಖಕ್ಕೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಹಿಂದೂ ಮಹಾಸಾಗರ, ಪೆಸಿಫಿಕ್ ಭಾಗದ ಲಯನ್‌ಫಿಶ್ 1985ರಲ್ಲಿ ಫ್ಲಾರಿಡಾದ ತೀರದಲ್ಲಿ ಮೊದಲು ಕಾಣಿಸಿಕೊಂಡಿತು. ಸಾಕಿದವರು ಬಿಟ್ಟದ್ದರಿಂದಲೇ ಅದು ಅಲ್ಲಿ ನೆಲೆಯೂರಿತು ಎಂಬುದು ವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಇವತ್ತು ಕೆರಿಬಿಯನ್ ತುಂಬ ಅದು ಅಲ್ಲಿನ ಮರಿ ಮೀನುಗಳನ್ನು ತಿನ್ನುತ್ತಿದೆ.

ಹಿಡಿಯುವುದಕ್ಕೆ ಬಂಡೆ ಕೀಳಬೇಡಿ. ಪಾರದರ್ಶಕ ಬಲೆಪೆಟ್ಟಿಗೆಯನ್ನು ಬಾಗಿಲು ತೆರೆದೇ ನಾಲ್ಕು ದಿನ ಒಳಗಿಟ್ಟು, ಊಟವನ್ನು ಅದರೊಳಗೇ ಹಾಕಿ. ಐದನೆಯ ದಿನ ಮೀನು ತಾನಾಗಿ ಒಳಗೆ ಹೋಗುತ್ತದೆ, ಆಗ ದಾರ ಎಳೆದು ಬಾಗಿಲು ಬೀಳಿಸಿ. ಮೀನು ಹೋದ ಮೇಲೆ ಆಹಾರವನ್ನೂ ಅಷ್ಟೇ ಕಡಿಮೆ ಮಾಡಿ, ನಾಲ್ಕು ವಾರದ ನಂತರ ನೈಟ್ರೇಟ್ ಏರಿಕೆಯನ್ನು ಮತ್ತೆ ಅಳೆದು ಭಾಗಿಸಿ ನೋಡಿ.